ಅಕ್ಕನ ಕಾರಿಗೆ ಬೇರೆ ಇಂಜಿನ್

ಅಕ್ಕನ ಕಾರು ನಿಂತದ್ದು ಕೃಷ್ಣೆಯ ಜೂರಾಲ ಅಣೆಕಟ್ಟಿನ ಮೇಲೆ, ಸರಿಯಾಗಿ ನಟ್ಟನಡುವೆ. ಹಿಂದೆ ಬಸ್ಸು, ಅದರ ಹಿಂದೆ ಭತ್ತದ ಟ್ರ್ಯಾಕ್ಟರು, ಎಲ್ಲರೂ ಹಾರನ್ನಿನಲ್ಲೇ ನಮ್ಮ ವಂಶವನ್ನೆಲ್ಲ ಬೈಯುತ್ತಿದ್ದರು. ಬಾನೆಟ್ಟಿನ ಸಂದಿಯಿಂದ ಬಿಳಿ ಆವಿ ಏಳುತ್ತಿತ್ತು. ಅಕ್ಕ ಇನ್ನೊಮ್ಮೆ ಕೀ ತಿರುಗಿಸಿದಳು. ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂಥ ಸದ್ದು ಬಂತು. ಆಮೇಲೆ ಅವಳು ಕೀ ಮುಟ್ಟಲಿಲ್ಲ. ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು, "ಹೋತು ನೋಡವಾ ಟೀಚರಮ್ಮ," ಎಂದಳು.

ನಾನು ತೆಲಂಗಾಣದ ಮಕ್ತಲ್‌ನ ಕನ್ನಡ ಶಾಲೆಯಲ್ಲಿ ಪಾಠ ಹೇಳುವವಳು. ಚುಡಾಯಿಸಬೇಕೆನಿಸಿದಾಗ, ಇಲ್ಲವೇ ಹೆದರಿಕೆಯಾದಾಗ, ಅಕ್ಕ ನನ್ನನ್ನು ಹಾಗೆ ಕರೆಯುತ್ತಾಳೆ. ಅವತ್ತು ಚುಡಾಯಿಸುತ್ತಿರಲಿಲ್ಲ.

ಒಂದು ಹಳೆಯ ಪುಟ್ಟ ಕಾರು ಕೆಟ್ಟರೆ ಇಷ್ಟು ಗೋಳೇಕೆ ಎಂದು ಕೇಳುವವರಿಗೆ ಅಕ್ಕನ ಕಾಲಿನ ವಿಷಯ ಹೇಳಬೇಕು. ಚಿಕ್ಕಂದಿನಲ್ಲಿ ಬಂದ ಪೋಲಿಯೊ ಅವಳ ಎಡಗಾಲನ್ನು ತಿಂದುಹಾಕಿತು. ಆಮೇಲೆ ಮಾಡಿದ ಆಪರೇಷನ್ನಿನಿಂದ ಮಂಡಿ ಮಡಚುವುದೇ ನಿಂತುಹೋಯಿತು. ಕಾಲು ಸದಾ ನೆಟ್ಟಗೆ, ಒನಕೆಯ ಹಾಗೆ. ಬಸ್ಸಿನ ಸೀಟಿನಲ್ಲಿ ಅದನ್ನು ಇಡಲು ಜಾಗವಿಲ್ಲ, ಆಟೊದಲ್ಲಿ ಹೊರಗೆ ಚಾಚಿಕೊಳ್ಳಬೇಕು. ಹತ್ತುವಾಗ ಇಳಿಯುವಾಗ ಯಾರಾದರೂ ಪಾಪ ಎಂದು ಕೈ ಹಿಡಿಯಲು ಬಂದರೆ ಅಕ್ಕ ಊರುಗೋಲನ್ನೇ ಎತ್ತುತ್ತಾಳೆ. "ನಾ ಬೀಳ್ತೀನಿ, ಏಳ್ತೀನಿ, ನಿಂಗೇನು?" ಎನ್ನುತ್ತಾಳೆ. ಹಾಗೆ ಅನ್ನಿಸಿಕೊಂಡವರಲ್ಲಿ ಒಮ್ಮೆ ನಮ್ಮ ಶಾಲೆಯ ಹೆಡ್‌ಮಾಸ್ತರರೂ ಇದ್ದರು. ಮರುದಿನದಿಂದ ಅವರು ನನ್ನ ಜೊತೆಯೂ ದೂರ ನಿಂತು ಮಾತಾಡುತ್ತಿದ್ದರು.

ಅಪ್ಪ ಬದುಕಿದ್ದಾಗ ಈ ಕಾರನ್ನು ಅವಳಿಗಾಗಿಯೇ ಹೊಂದಿಸಿಕೊಟ್ಟ. ಅದು ಆ ಕಾಲದ ಕಾರು. ಗೇರಿನ ಹಿಡಿಕೆ ನೆಲದಲ್ಲಿಲ್ಲ, ಸ್ಟೀರಿಂಗಿನ ಎಡಕ್ಕೆ, ಕೈಯಳತೆಯಲ್ಲಿ. ಮುಂದಿನ ಸೀಟು ಈ ತುದಿಯಿಂದ ಆ ತುದಿಗೆ ಒಂದೇ ಹಲಗೆ. ನಡುವೆ ಅಡ್ಡಿ ಇಲ್ಲದ್ದರಿಂದ ಅಕ್ಕ ತನ್ನ ಎಡಗಾಲನ್ನು ಓರೆಯಾಗಿ ಪಕ್ಕದವರ ಕಡೆಗೆ ಚಾಚಿ ಇಡಬಹುದಿತ್ತು. ನಾನು ಪಕ್ಕ ಕೂತರೆ ಅವಳ ಪಾದ ನನ್ನ ಪಾದಕ್ಕೆ ಒರಗಿರುತ್ತಿತ್ತು. ಬ್ರೇಕು, ಎಕ್ಸಿಲರೇಟರು ಬಲಗಾಲಿಗೆ. ಇನ್ನು ಉಳಿದದ್ದು ಕ್ಲಚ್ಚು. ಅಪ್ಪ ರಾಯಚೂರಿನ ಒಬ್ಬ ಫಿಟ್ಟರನಿಂದ ಗೇರಿನ ಹಿಡಿಕೆಗೇ ಒಂದು ಕಬ್ಬಿಣದ ಚಿಮಟದಂಥ ಹಿಡಿ ಕಟ್ಟಿಸಿದ, ಅದರಿಂದ ಕ್ಲಚ್ಚಿಗೆ ವೈರು ಎಳೆಸಿದ. ಹಿಡಿಯನ್ನು ಅದುಮಿದರೆ ಕ್ಲಚ್ಚು ಒತ್ತಿದಂತೆ, ಅದೇ ಕೈಯಲ್ಲಿ ಗೇರು ಬದಲಾಯಿಸಿ ಸಡಿಲ ಬಿಟ್ಟರೆ ಕಾರು ಹೊರಟಂತೆ. ವರ್ಷಾನುಗಟ್ಟಲೆ ಅದುಮಿ ಅದುಮಿ ಅಕ್ಕನ ಎಡ ಅಂಗೈಯಲ್ಲಿ ಹುಣಸೆ ಬೀಜದಷ್ಟು ಗಟ್ಟಿ ಗಂಟು ಬೆಳೆದಿತ್ತು.

ಈ ಕಾರಿನಲ್ಲಿ ಅವಳು ನಾರಾಯಣಪೇಟೆಯ ಮಗ್ಗದ ಮನೆಗಳಿಗೆ ಹೋಗಿ ಸೀರೆ ಆರಿಸುತ್ತಿದ್ದಳು, ಹಿಂದಿನ ಸೀಟಿನಲ್ಲಿ ಗಂಟು ಕಟ್ಟಿಟ್ಟುಕೊಂಡು ಮಕ್ತಲ್, ನಾರ್ವ ದಾಟಿ, ಜೂರಾಲ ಅಣೆಕಟ್ಟು ಹಾದು ಗದ್ವಾಲಿನ ಅಂಗಡಿಗಳಿಗೆ ಒಯ್ಯುತ್ತಿದ್ದಳು. ಅಲ್ಲಿಂದ ಗದ್ವಾಲ್ ಸೀರೆ ತುಂಬಿಕೊಂಡು ಹಿಂದಿರುಗುತ್ತಿದ್ದಳು. ಯಾವ ನೇಕಾರನ ಮನೆಯ ಅಂಚು ಚೆಂದ, ಯಾರು ಜರಿಯಲ್ಲಿ ಮೋಸ ಮಾಡುತ್ತಾರೆ ಎಲ್ಲ ಅವಳಿಗೆ ಗೊತ್ತು. ಮದುವೆಯಾಗಲಿಲ್ಲ. ನೋಡಲು ಬಂದವರು ಕಾಲು ನೋಡಿ ಎದ್ದುಹೋದರು. ಅಕ್ಕ ಕಾರು ಹತ್ತಿ ಅವರಿಗಿಂತ ಮುಂಚೆ ಊರು ದಾಟಿದಳು. ಒಬ್ಬಳೇ ಹೊರಡುವುದು, ಒಬ್ಬಳೇ ಬರುವುದು ಅವಳ ಬದುಕಿನ ಉಪ್ಪು. ಉಳಿದದ್ದೆಲ್ಲ ಇಲ್ಲದಿದ್ದರೂ ನಡೆದಿತ್ತು.

ಹಾಗಾಗಿ ಅಣೆಕಟ್ಟಿನ ಮೇಲೆ ನಿಂತದ್ದು ಬರೀ ಕಾರಲ್ಲ. ಅದು ನಮ್ಮಿಬ್ಬರಿಗೂ ತಿಳಿದಿತ್ತು. ಹಿಂದಿದ್ದ ಟ್ರ್ಯಾಕ್ಟರಿನವನೇ ಹಗ್ಗ ಕಟ್ಟಿ ಧರೂರಿನವರೆಗೆ ಎಳೆದ. ಅಲ್ಲಿಂದ ಇನ್ನೊಂದು ಟ್ರ್ಯಾಕ್ಟರು ಗದ್ವಾಲಿಗೆ ಮುಟ್ಟಿಸಿತು.

ಗದ್ವಾಲ್ ಕೋಟೆಯ ಹಿಂದಿನ ಬೀದಿಯಲ್ಲಿ ಅಕ್ಕನ ಕಾರನ್ನು ಮೊದಲಿನಿಂದ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಇದ್ದ. ಎಲ್ಲರೂ ಅವನನ್ನು ಉಸ್ತಾದ್ ಎನ್ನುತ್ತಿದ್ದರು, ಅವನು ಅಕ್ಕನನ್ನು ಆಪಾ ಎನ್ನುತ್ತಿದ್ದ. ಬಾಯಿ ದೊಡ್ಡದು, ಮನಸ್ಸು ಇನ್ನೂ ದೊಡ್ಡದು. ಇಂಜಿನ್ ಬಿಚ್ಚಿ, ಒರೆಸಿ, ಬೆರಳಿಟ್ಟು ತೋರಿಸಿದ. ಇಂಜಿನ್ನಿನ ಒಡಲಾದ ಬ್ಲಾಕು ಉದ್ದಕ್ಕೂ ಬಿರುಕು ಬಿಟ್ಟಿತ್ತು.

"ಇದು ಮುಗೀತ್ರಿ ಆಪಾ. ಹಿಂದ ಎರಡ್ ಸಲ ಬೋರ್ ಮಾಡ್ಸೀರಿ, ಇನ್ನ ಕೊರಿಯಾಕ ಕಬ್ಬಿಣನ ಉಳದಿಲ್ಲ."

ಅಂಥದ್ದೇ ಇಂಜಿನ್ನಿಗಾಗಿ ರಾಯಚೂರು, ಕರ್ನೂಲು, ಹೈದರಾಬಾದಿನ ಗುಜರಿ ಬಜಾರುಗಳನ್ನೆಲ್ಲ ಅವನು ಫೋನಿನಲ್ಲಿ ಜಾಲಾಡಿದ. ಕರ್ನೂಲಿನಲ್ಲಿ ಸಿಕ್ಕದ್ದು ನಮ್ಮದಕ್ಕಿಂತ ಮೊದಲೇ ಸತ್ತಿತ್ತು. ಬೇರೆಯವರಾಗಿದ್ದರೆ ಅಲ್ಲಿಗೇ ಕೈ ತೊಳೆದುಕೊಳ್ಳುತ್ತಿದ್ದರು. ಉಸ್ತಾದ್ ಬೀಡಿ ಹಚ್ಚಿ, "ಬ್ಯಾರೆ ಇಂಜಿನ್ ಕುಂದ್ರಸೋಣ್ರಿ," ಎಂದ. "ಇಂಜಿನ್ ಅಂದ್ರ ಇಂಜಿನ್."

ಈ ಮಾತು ಕೇಳಿ ಅಕ್ಕನ ಮುಖ ಅರಳಿತು. ಅರಳದೆ ಏನು ಮಾಡೀತು, ಅದು ನಮ್ಮ ಮನೆಯ ವೇದವಾಕ್ಯ. ಅಪ್ಪನ ಕಸುಬು ಹೊಲಗಳಿಗೆ ಆಯಿಲ್ ಇಂಜಿನ್ ಬಾಡಿಗೆಗೆ ಕೊಡುವುದು. ಒಂದೇ ಇಂಜಿನ್ ಒಂದು ಹಂಗಾಮಿನಲ್ಲಿ ನಾರ್ವದ ಹಳ್ಳದಿಂದ ನೀರೆತ್ತುತ್ತಿತ್ತು, ಸುಗ್ಗಿ ಮುಗಿದ ಮೇಲೆ ಮಲ್ದಕಲ್‌ನ ಹಿಟ್ಟಿನ ಗಿರಣಿ ತಿರುಗಿಸುತ್ತಿತ್ತು, ಮಳೆಗಾಲದಲ್ಲಿ ನಮ್ಮ ಅಂಗಳದಲ್ಲಿ ಗೋಣಿ ಹೊದ್ದು ಮಲಗುತ್ತಿತ್ತು. ಎತ್ತಿನ ಗಾಡಿಯಲ್ಲಿ ಹೇರು, ನಾಲ್ಕು ಬೋಲ್ಟು ಬಿಗಿ, ಬೆಲ್ಟು ಹಾಕು. "ಇಂಜಿನ್ನಿಗೆ ಊರಿಲ್ಲ," ಎನ್ನುತ್ತಿದ್ದ ಅಪ್ಪ. ಎಲ್ಲಾದರೂ ನೀರು ಮೇಲೆ ಏರದಿದ್ದರೆ ಅವನ ಹತ್ತಿರ ಒಂದೇ ಮದ್ದು: ಸಣ್ಣದನ್ನು ತೆಗೆ, ದೊಡ್ಡದನ್ನು ಕೂಡಿಸು. ಕೃಷ್ಣೆಯ ಎರಡೂ ದಂಡೆಯ ಜನ ಇವತ್ತಿಗೂ ಇದನ್ನೇ ನಂಬಿದ್ದಾರೆ. ಬೋರ್‌ವೆಲ್ಲಿನಿಂದ ಹಿಡಿದು ಅಳಿಯನವರೆಗೆ ದೊಡ್ಡದಿದ್ದರೆ ಒಳ್ಳೆಯದು.

ಅಕ್ಕ ಎರಡೇ ಷರತ್ತು ಹಾಕಿದಳು. "ಗೇರು ಈಗಿದ್ದಲ್ಲೇ ಇರಬೇಕು. ಕ್ಲಚ್ಚು ಕೈಯಾಗ ಇರಬೇಕು. ಮಿಕ್ಕಿದ್ದು ನಿನ್ನ ಖುಷಿ."

ಉಸ್ತಾದ್ ಎದೆ ತಟ್ಟಿಕೊಂಡ. ಹೊಸ ಕಾರುಗಳ ಇಂಜಿನ್ ಬೇಡವೆಂದ. ಅವು ಅಡ್ಡ ಮಲಗಿರುತ್ತವೆ, ಮುಂದಿನ ಚಕ್ರ ತಿರುಗಿಸುತ್ತವೆ, ಮೇಲೆ ಮಿದುಳಿನ ಹಾಗೆ ಒಂದು ಡಬ್ಬಿ, ಅದಕ್ಕೆ ಸೇವಿಗೆಯಂತೆ ವೈರು. ಉಳಿದದ್ದು ಎರಡು. ಒಂದು, ಸಣ್ಣ ವ್ಯಾನಿನ ಪೆಟ್ರೋಲ್ ಇಂಜಿನ್, ಹಗುರ, ಒಬ್ಬನೇ ಎತ್ತುವಷ್ಟು. ಇನ್ನೊಂದು, ರಾಯಚೂರು ರಸ್ತೆಯಲ್ಲಿ ಮಗುಚಿಬಿದ್ದ ಸರಕಿನ ಗಾಡಿಯ ಡೀಸೆಲ್ ಇಂಜಿನ್. ಅದು ಉಸ್ತಾದನ ಅಂಗಳದಲ್ಲಿ ಎಮ್ಮೆಯ ಹಾಗೆ ಬಿದ್ದುಕೊಂಡಿತ್ತು.

"ಸಣ್ಣದರಾಗ ದಮ್ಮಿಲ್ರಿ," ಎಂದು ಉಸ್ತಾದ್ ಮೂಗು ಮುರಿದ.

"ದೊಡ್ಡದ ಹಾಕು," ಎಂದಳು ಅಕ್ಕ. ಅಪ್ಪನ ಮಗಳು. "ಜನ್ಮಕ್ಕೆ ಒಂದ ಸಲ ಹಾಕೋದು, ಗಟ್ಟಿ ಇರಲಿ."

ನಾನೂ ತಲೆಯಾಡಿಸಿದೆ. ಮೂವರೂ ಅಪ್ಪನ ಮದ್ದನ್ನೇ ಬರೆದುಕೊಟ್ಟೆವು. ನೀರೆತ್ತುವ ಇಂಜಿನ್ನಿಗೆ ಕ್ಲಚ್ಚಿರುವುದಿಲ್ಲ ಎಂಬುದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಆಮೇಲೆ ನಡೆದದ್ದು ಸನ್ಯಾಸಿಯ ಕೌಪೀನದ ಕಥೆ. ಇಲಿಗೆ ಬೆಕ್ಕು, ಬೆಕ್ಕಿಗೆ ಹಾಲು, ಹಾಲಿಗೆ ಹಸು. ಎಮ್ಮೆ ಇಂಜಿನ್ ಕಾರಿನ ಗೂಡಿನಲ್ಲಿ ಹಿಡಿಸಲಿಲ್ಲ. ಮುಂದಿನ ಅಡ್ಡಪಟ್ಟಿ ಕತ್ತರಿಸಿದರು. ಅದನ್ನು ಹಳೆಯ ಗೇರ್‌ಬಾಕ್ಸಿಗೆ ಜೋಡಿಸಲು ಲೇತಿನಲ್ಲಿ ದಪ್ಪ ತಟ್ಟೆ ಕಡೆಸಿದರು. ಕಾರಿನ ಮೂಗು ನೆಲಕ್ಕೆ ಬಾಗಿತು. ಜೀಪಿನ ಸ್ಪ್ರಿಂಗು ಹಾಕಿದರು. ಸ್ಪ್ರಿಂಗು ಹಾಕಿದ ಮೇಲೆ ಸ್ಟೀರಿಂಗು ರುಬ್ಬುಗುಂಡಿನಂತೆ ಭಾರವಾಯಿತು. ರೇಡಿಯೇಟರು ಸಾಲದೆ ದೊಡ್ಡದು ಬಂತು. ಅದಕ್ಕೆ ಜಾಗ ಸಾಲದೆ ಬಾನೆಟ್ಟು ಪೂರ್ತಿ ಮುಚ್ಚದಾಯಿತು. ಉಸ್ತಾದ್ ಮೊಬೈಲಿನಲ್ಲಿ ಯಾರೋ ದೂರ ದೇಶದವರು ಪುಟ್ಟ ಕಾರಿಗೆ ಬೇರೆ ಇಂಜಿನ್ ಇಡುವ ವಿಡಿಯೊ ನೋಡುತ್ತಿದ್ದ, ನಮಗೂ ತೋರಿಸುತ್ತಿದ್ದ. ಅದರಲ್ಲಿ ಟೀ ಕುಡಿದು ಮುಗಿಸುವಷ್ಟರಲ್ಲಿ ಎಲ್ಲ ಮುಗಿದು ಕಾರು ರೊಂಯ್ಯೆಂದು ಹೊರಡುತ್ತಿತ್ತು. "ಅಯಿಪೋತುಂದಿ ಆಪಾ, ಆಗೇ ಹೋಗ್ತೈತಿ," ಎಂದು ಅವನು ತೆಲುಗಿನಲ್ಲೂ ಕನ್ನಡದಲ್ಲೂ ಧೈರ್ಯ ಹೇಳುತ್ತಿದ್ದ. ಬೇಸಿಗೆ ಹೋಗಿ ಮಳೆ ಬಂತು.

ಈ ನಡುವೆ ನಾನು ಗಾಡಿ ನೋಂದಣಿಯ ಆರ್‌ಟಿಎ ಆಫೀಸಿಗೂ ಹೋಗಿಬಂದೆ. ಕೌಂಟರಿನವರು ಸಭ್ಯವಾಗಿಯೇ ಹೇಳಿದರು: ಪೆಟ್ರೋಲಿನ ಹಳೆ ಗಾಡಿ ಡೀಸೆಲಿನದಾಗಲು ಒಪ್ಪಿಗೆ ಸಿಗುವುದು ಕಷ್ಟ ಮೇಡಮ್, ಆಸೆ ಇಟ್ಟುಕೊಳ್ಳಬೇಡಿ. ಅಕ್ಕನಿಗೆ ಬಂದು ಹೇಳಿದೆ. "ಮೊದ್ಲು ಓಡ್ಲಿ, ಕಾನೂನು ಆಮ್ಯಾಲ ನೋಡೂಣು," ಎಂದು ಕೈಬೀಸಿದಳು. ಕ್ಲಚ್ಚೇ ಇಲ್ಲದ ಹೊಸ ಕಾರು ಕೊಳ್ಳಬಾರದೇ ಎಂದು ಬುದ್ಧಿ ಹೇಳುವವರೂ ಬಂದರು. ಬೆಲೆ ನಮ್ಮ ಅಳವಲ್ಲ ಎಂಬುದು ಹಾಗಿರಲಿ, ಒಬ್ಬ ಪರಿಚಯದವರ ಕಾರಿನಲ್ಲಿ ಅಕ್ಕ ಕೂತೂ ನೋಡಿದ್ದಳು. ಎರಡು ಸೀಟಿನ ನಡುವೆ ಎತ್ತರದ ಪೆಟ್ಟಿಗೆ. ಮಡಚದ ಕಾಲು ಅದನ್ನು ದಾಟಿ ಹೋಗಲಾರದು. ಬಾಗಿಲು ಹಾಕಲಾಗದೆ ಇಳಿದು ಬಂದಳು. ಇವತ್ತಿನ ಕಾರುಗಳನ್ನು ಮಂಡಿ ಇರುವವರು ಮಂಡಿ ಇರುವವರಿಗಾಗಿ ಮಾಡುತ್ತಾರೆ. ನನಗೆ ಆಗ ಬಂದ ಸಿಟ್ಟು ಯಾರ ಮೇಲೆ ಎಂದು ಈಗಲೂ ಗೊತ್ತಿಲ್ಲ.

ಕೊನೆಗೂ ಕಾರು ಹೊರಬಂತು. ಉಸ್ತಾದ್ ನಿಂಬೆಹಣ್ಣು ಇಟ್ಟು, ಊದುಬತ್ತಿ ಹಚ್ಚಿ, ತಾನೇ ಕೂತು ಕೋಟೆಯ ಸುತ್ತ ಒಂದು ಸುತ್ತು ಹಾಕಿ ಬಂದ. ಪುಟ್ಟ ಕಾರಿನೊಳಗಿಂದ ಲಾರಿಯ ಧ್ವನಿ. ಬೀದಿಯ ಜನ ಚಪ್ಪಾಳೆ ತಟ್ಟಿದರು. ಅಕ್ಕ ಹೊಸ ಸೀರೆ ಉಟ್ಟು ಬಂದಿದ್ದಳು. ಊರುಗೋಲನ್ನು ಹಿಂದಿನ ಸೀಟಿಗೆ ಎಸೆದು, ಕೂತು, ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಅದರ ಜಾಗದಲ್ಲಿ ಇಟ್ಟಳು. ಸ್ಟಾರ್ಟ್ ಮಾಡಿದಳು. ಗೇರಿನ ಹಿಡಿಕೆಯ ಮೇಲೆ ಕೈಯಿಟ್ಟು, ಕಬ್ಬಿಣದ ಹಿಡಿಯನ್ನು ಅದುಮಿದಳು.

ಹಿಡಿ ಅಲ್ಲಾಡಲಿಲ್ಲ.

ಅಕ್ಕ ಒಮ್ಮೆ ನಕ್ಕಳು, ಸೀರೆಯ ಸೆರಗಿಗೆ ಅಂಗೈ ಒರೆಸಿಕೊಂಡು ಮತ್ತೆ ಅದುಮಿದಳು. ಕುತ್ತಿಗೆಯ ನರಗಳು ಎದ್ದವು. ಹಿಡಿ ಅರ್ಧ ಬಂದು ನಿಂತಿತು. ಗೇರು ಹಾಕಲು ಹೋದರೆ ಕರಕರ ಎಂದು ಹಲ್ಲು ಕಡಿಯಿತು. ಎರಡೂ ಕೈ ಹಾಕಿದಳು. ಆಗ ಹಿಡಿ ಪೂರ್ತಿ ಬಂತು, ಆದರೆ ಸ್ಟೀರಿಂಗು ಯಾರ ಕೈಯಲ್ಲಿ? ಚಪ್ಪಾಳೆ ತಟ್ಟಿದವರು ಒಬ್ಬೊಬ್ಬರಾಗಿ ಸರಿದು ಹೋದರು. ಉಸ್ತಾದ್ ಬಾಗಿಲ ಬಳಿ ಬಂದು ತಾನೇ ಅದುಮಿ ನೋಡಿದ. ಸುತ್ತಿಗೆ ಹಿಡಿಯುವ ಅವನ ಕೈಗೂ ಅದು ಪೂರ್ತಿ ಬರಲಿಲ್ಲ. ಅವನು ಅಷ್ಟು ಹೊತ್ತು ಓಡಿಸಿದ್ದು ಕಾಲಿನಿಂದ. ದೊಡ್ಡ ಇಂಜಿನ್ನಿನ ಎಳೆತಕ್ಕೆ ಹಳೆಯ ಕ್ಲಚ್ಚು ಜಾರುತ್ತದೆಂದು ಬಿಗಿ ಸ್ಪ್ರಿಂಗಿನದನ್ನೇ ಹಾಕಬೇಕಾಗಿತ್ತು. ಆ ಬಿಗಿ ಒಂದು ಕಾಲಿಗೆ ಏನೂ ಅಲ್ಲ. ಒಂದು ಅಂಗೈಗೆ ಅದು ಬೆಟ್ಟ.

ಅವನು ಸೋಲೊಪ್ಪುವವನಲ್ಲ, ಅದೇ ಇನ್ನೂ ಸಂಕಟ. ಹಿಡಿಯನ್ನು ಉದ್ದ ಮಾಡಿದ. ಅದುಮುವುದು ಹಗುರವಾಯಿತು, ಆದರೆ ವೈರು ಸಾಕಷ್ಟು ಎಳೆಯದೆ ಗೇರು ಮತ್ತೆ ಹಲ್ಲು ಕಡಿಯಿತು. ಗಿಡ್ಡ ಮಾಡಿದರೆ ಗೇರು ಸಲೀಸು, ಕೈ ಸೋಲುತ್ತಿತ್ತು. ಬ್ರೇಕಿನ ಬೂಸ್ಟರ್ ತಂದು ಕ್ಲಚ್ಚಿಗೆ ಸಹಾಯಕ್ಕೆ ಇಡಲು ನೋಡಿದ. ಎಮ್ಮೆಯ ಪಕ್ಕ ಒಂದು ಇಲಿ ತೂರುವ ಜಾಗವೂ ಉಳಿದಿರಲಿಲ್ಲ. ಇದನ್ನು ತೆಗೆದು ಆ ಸಣ್ಣ ಇಂಜಿನ್ನನ್ನೇ ಹಾಕೋಣ ಎಂದು ನಾನು ಹೇಳಿದೆ. ಉಸ್ತಾದ್ ನೆಲ ನೋಡಿದ. ಸಣ್ಣದು ಮಾರಿಹೋಗಿತ್ತು, ಅದಿರಲಿ. ದೊಡ್ಡದಕ್ಕಾಗಿ ಕಾರಿನ ಮುಂಭಾಗವನ್ನೇ ಕತ್ತರಿಸಿಯಾಗಿತ್ತು. ಹಿಂದಿನದನ್ನು ತಂದು ಜೋಡಿಸಲು ಹಿಂದಿನ ಕಾರೇ ಇರಲಿಲ್ಲ.

"ತಪ್ಪಾತ್ರಿ ಆಪಾ," ಎಂದ ಅವನು.

"ನಿಂದೊಬ್ಬನದ ಅಲ್ಲ ಬಿಡು. ನಮ್ಮಪ್ಪಂದೂ ಐತಿ," ಎಂದಳು ಅಕ್ಕ.

ಆದರೂ ಕಾರನ್ನು ಮಕ್ತಲ್‌ಗೆ ತರಿಸಿದಳು. ಒಂದು ಭಾನುವಾರ ಬೆಳಿಗ್ಗೆ, "ನಡಿ ಟೀಚರಮ್ಮ, ನಾರ್ವ ತನಕ ಹೋಗಿ ಬರೂಣು. ನಾ ಗೇರು ಹಾಕ್ತೀನಿ, ನೀ ಹಿಡಿ ಅದುಮು," ಎಂದಳು. ನಾನು ಪಕ್ಕ ಕೂತೆ. ಅವಳ ಪಾದ ಎಂದಿನಂತೆ ನನ್ನ ಪಾದಕ್ಕೆ ಒರಗಿತು. ಪಕ್ಕದಿಂದ ಎರಡೂ ಕೈ ಚಾಚಿ ನಾನು ಹಿಡಿ ಅದುಮಬೇಕು, ಅವಳು ಗೇರು ದೂಡಬೇಕು. "ಹೂಂ" ಎಂದರೆ ಅದುಮುವುದು, "ಸಾಕು" ಎಂದರೆ ಬಿಡುವುದು. ಮೊದಮೊದಲು ನಗು ಬಂತು. ಕಾರು ಕಪ್ಪೆಯಂತೆ ನೆಗೆಯಿತು. ಬದಿಯಲ್ಲಿ ಹತ್ತಿ ಬಿಡಿಸಲು ಹೊರಟಿದ್ದ ಹೆಂಗಸರು ನಿಂತು ನೋಡಿ ನಕ್ಕರು, ಅಕ್ಕನೂ ಅವರಿಗೆ ಕೈಬೀಸಿದಳು. ಊರು ದಾಟಿದ ಮೇಲೆ ಒಳ್ಳೆಯ ರಸ್ತೆ. ಇಂಜಿನ್ ಸುಮ್ಮನೆ ಉರುಳುತ್ತಿತ್ತು, ಅದರ ತಪ್ಪೇನೂ ಇರಲಿಲ್ಲ. ಎರಡು ಕಡೆ ಹತ್ತಿ ಹೊಲ. ಗೇರು ಬದಲಿಸುವುದು ಇಲ್ಲದಿದ್ದಾಗ ನಾನು ಕೈ ತೆಗೆದು ಕೂತಿದ್ದೆ. ಆ ಸ್ವಲ್ಪ ಹೊತ್ತು ಅಕ್ಕ ಹಳೆಯ ಅಕ್ಕನಾಗಿದ್ದಳು. ಕಿಟಕಿಗೆ ಮೊಣಕೈ ಊರಿ, ಸೆರಗು ಹಾರಲು ಬಿಟ್ಟು, ಯಾವುದೋ ನೇಕಾರನನ್ನು ಬೈಯುತ್ತಿದ್ದಳು.

ಮುಂದೆ ಕುರಿಮಂದೆ ಬಂತು. ಅಕ್ಕ ಬ್ರೇಕು ಒತ್ತಿ, ಅಭ್ಯಾಸದ ಮೇಲೆ ಹಿಡಿಗೆ ಕೈ ಹಾಕಿದಳು, ಎಂದಿನಂತೆ ಒಂದೇ ಕೈ. ನನಗೆ "ಹೂಂ" ಎನ್ನಲಿಲ್ಲ. ಕಾರು ಜಗ್ಗಿ ನಿಂತುಹೋಯಿತು. ಕುರಿಗಳು ಎರಡೂ ಬದಿ ಸವರಿಕೊಂಡು ಹೋದವು. ಕುರುಬ ಕಿಟಕಿಯಲ್ಲಿ ಬಗ್ಗಿ, "ಏನಾತ್ರೀ ಅಕ್ಕಾರ, ದೂಡ್ಲೇನು?" ಎಂದ. ಅಕ್ಕ ಅವನನ್ನು ಬೈಯಲಿಲ್ಲ. ಊರುಗೋಲನ್ನೂ ಎತ್ತಲಿಲ್ಲ.

ಕುರಿಗಳೆಲ್ಲ ಹೋದ ಮೇಲೆ ನಿಧಾನವಾಗಿ ಹೇಳಿದಳು: "ಇದರಾಗ ಹೋಗಾಕ ನೀನೂ ಬೇಕು. ನೀ ಬರ್ತಿದ್ರ ನಂಗ ಕಾರ್ ಯಾಕ?"

ನಾನು ರಿಟೈರಾದ ಮೇಲೆ ದಿನಾ ಬರುತ್ತೇನೆ ಎಂದೆ. ಆ ಮಾತು ಆಡಬಾರದಿತ್ತು ಅನ್ನುವುದು ಅದು ಬಾಯಿಂದ ಹೊರಡುವಾಗಲೇ ತಿಳಿಯಿತು. ಅಕ್ಕ ನನ್ನನ್ನು ನೋಡಿದ ರೀತಿ ನೋಡಿ ನನಗೆ ಅಳು ಬಂತು. ಅವಳು ಅಳಲಿಲ್ಲ. "ಹೂಂ," ಎಂದಳು. ನಾನು ಅದುಮಿದೆ. ಕಾರು ತಿರುಗಿಸಿಕೊಂಡು ಮನೆಗೆ ಬಂದೆವು.

ದೀಪಾವಳಿಗೆ ಮುಂಚೆ ಉಸ್ತಾದ್ ಬಂದು ಇಂಜಿನ್ ಬಿಚ್ಚಿಕೊಂಡು ಹೋದ. ಅದು ಧರೂರಿನ ಕಡೆ ಒಬ್ಬ ರೈತನ ಹೊಲಕ್ಕೆ ಹೋಯಿತು. ಕಾಲುವೆಯಿಂದ ಎತ್ತರದ ಗದ್ದೆಗೆ ನೀರೆತ್ತುತ್ತದಂತೆ, ಒಳ್ಳೆಯ ಕೆಲಸ ಮಾಡುತ್ತದಂತೆ. ಅಪ್ಪ ಹೇಳಿದ್ದು ಸುಳ್ಳಲ್ಲ, ಇಂಜಿನ್ನಿಗೆ ಊರಿಲ್ಲ. ಕಾರಿಗೆ ಇತ್ತು. ಅದು ಈಗ ನಮ್ಮ ಅಂಗಳದಲ್ಲಿ, ಹಿಂದೆ ಬಾಡಿಗೆ ಇಂಜಿನ್ನುಗಳು ಮಲಗುತ್ತಿದ್ದ ಜಾಗದಲ್ಲೇ ನಿಂತಿದೆ. ಬಾನೆಟ್ಟಿನಡಿ ಏನೂ ಇಲ್ಲ. ಪಕ್ಕದ ಮನೆಯ ಕೋಳಿ ಅಲ್ಲಿ ಮೊಟ್ಟೆ ಇಡುತ್ತದೆ.

ಮಗ್ಗದ ಮನೆಗಳಿಗೆ ಹೋಗುವುದನ್ನು ಅಕ್ಕ ಬಿಟ್ಟಳು. ನೇಕಾರರು ಮೊಬೈಲಿನಲ್ಲಿ ಸೀರೆಯ ಫೋಟೊ ಕಳಿಸುತ್ತಾರೆ. ಅವಳು ಫೋಟೊ ದೊಡ್ಡದು ಮಾಡಿ ಅಂಚಿನ ಮೇಲೆ ಬೆರಳಾಡಿಸುತ್ತಾಳೆ, ಫೋಟೊ ಸರಿದು ಇನ್ನೊಂದು ಬರುತ್ತದೆ. "ಮುಟ್ಟಲಾರದ ಏನ್ ಆರಿಸ್ಲಿ," ಎಂದು ಫೋನು ಕೆಳಗಿಡುತ್ತಾಳೆ. ಸೀರೆಗಳು ಈಗ ಕಡಿಮೆ ಬರುತ್ತವೆ.

ಮೊನ್ನೆ ಗದ್ವಾಲಿನ ಒಂದು ಹಳೆಯ ಅಂಗಡಿಯವರ ಮನೆಯಲ್ಲಿ ಮದುವೆ. ಅಕ್ಕ ಹೋಗಲೇಬೇಕೆಂದಳು. ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ನಿಂತೆವು. ಬಸ್ಸು ಬಂತು, ಜನ ನುಗ್ಗಿದರು. ಬಾಗಿಲ ಮೆಟ್ಟಿಲು ಎತ್ತರ. ನಾನು ದೂರವೇ ನಿಂತಿದ್ದೆ; ಹತ್ತಿರ ಹೋದರೆ ಊರುಗೋಲು ಏಳುತ್ತದೆಂದು ಐವತ್ತು ವರ್ಷದಿಂದ ಕಲಿತಿದ್ದೇನೆ. ಅಕ್ಕ ಮೆಟ್ಟಿಲನ್ನೂ ನೋಡಿದಳು, ತನ್ನ ಕಾಲನ್ನೂ ನೋಡಿದಳು. ಆಮೇಲೆ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ, ನನ್ನ ಕಡೆ ತಿರುಗದೆ, ಎಡಗೈಯನ್ನು ಹಿಂದಕ್ಕೆ ಚಾಚಿ ನಿಂತಳು.

ನಾನು ಹೋಗಿ ಹಿಡಿದುಕೊಂಡೆ. ಅಂಗೈಯಲ್ಲಿ ಹುಣಸೆ ಬೀಜದಂಥ ಆ ಗಂಟು ಇರಲಿಲ್ಲ. ಮೆತ್ತಗಾಗಿತ್ತು.